ಕರಾರುಪತ್ರದ ಕೊನೆಯ ಪುಟ

ಧರ್ಮಕೇಂದ್ರದ ಕಚೇರಿಗೆ ಜನ ಹಿಡಿದು ತರುವ ಕಾಗದಪತ್ರಗಳ ಸ್ವರೂಪ ನಾನು ಗುರುದೀಕ್ಷೆ ಪಡೆದ ಕಾಲಕ್ಕೂ ಇಂದಿಗೂ ಬಹಳ ಬದಲಾಗಿದೆ. ಅಂದು ಬರುತ್ತಿದ್ದುದು ಜ್ಞಾನಸ್ನಾನದ ದಾಖಲೆ, ಮದುವೆಯ ಅರ್ಜಿ, ಹೆಚ್ಚೆಂದರೆ ಸಹಕಾರ ಸಂಘದ ಸಾಲದ ನೋಟೀಸು. ಇಂದು ಅವುಗಳ ನಡುವೆ ಕೊಲ್ಲಿ ರಾಷ್ಟ್ರಗಳ ಆಫರ್ ಲೆಟರುಗಳೂ ಸೇರಿಕೊಂಡಿವೆ. ಮೊದಲು ಚಾಲಕರು ತಂದರು, ಆಮೇಲೆ ದಾದಿಯರು, ಈಗ ಶಿಕ್ಷಕಿಯರು. ಅವರು ಕೇಳುವುದು ಒಂದು ನಡತೆ ಪ್ರಮಾಣಪತ್ರವನ್ನು. ಅದಕ್ಕೆ ಮೊಹರು ಒತ್ತಿ ಕೊಟ್ಟ ಮೇಲೆ, ಎದ್ದು ನಿಂತವರು ಮತ್ತೆ ಕುಳಿತು, "ಫಾದರ್, ಇದನ್ನೂ ಒಂದ್ಸಲ ಓದಿ ನೋಡ್ತೀರಾ?" ಎನ್ನುತ್ತಾರೆ. ನಿಜವಾದ ಕೆಲಸ ಆರಂಭವಾಗುವುದು ಅಲ್ಲಿಂದ.

2025ರ ನವೆಂಬರಿನಲ್ಲಿ ಹೀಗೆ ನನ್ನ ಮೇಜಿಗೆ ಬಂದ ಪತ್ರ ನಮ್ಮದೇ ಶಾಲೆಯ ಗಣಿತ ಶಿಕ್ಷಕಿಯೊಬ್ಬರದು. ಶಾರ್ಜಾದ ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆ ಏಪ್ರಿಲ್‌ನಲ್ಲಿ ಆರಂಭವಾಗುವ ವರ್ಷಕ್ಕೆ ಅವರನ್ನು ಕರೆದಿತ್ತು. ಪಠ್ಯಕ್ರಮ ಭಾರತದ್ದೇ. ನಮ್ಮ ಶಾಲೆಯ ಸಂಚಾಲಕ ನಾನೇ ಆದ್ದರಿಂದ, ಅವರು ಹೋದರೆ ಆರು ಮತ್ತು ಏಳನೆಯ ತರಗತಿಗಳಿಗೆ ಗಣಿತ ಕಲಿಸುವವರನ್ನು ಹುಡುಕುವ ಹೊಣೆಯೂ ನನ್ನದೇ. ಹೀಗಿರುವಾಗ ನನ್ನ ಸಲಹೆಯನ್ನು ತೂಗಿ ನೋಡಿಯೇ ತೆಗೆದುಕೊಳ್ಳಿ ಎಂದು ಮೊದಲೇ ತಿಳಿಸಿದೆ. ಅವರು ನಕ್ಕು, "ಅದು ಗೊತ್ತು ಫಾದರ್. ಆದ್ರೂ ಈ ಕೋರ್ಟು ಇಂಗ್ಲಿಷ್ ಓದಿ ಹೇಳೋರು ಊರಲ್ಲಿ ಇನ್ಯಾರಿದ್ದಾರೆ?" ಎಂದರು.

ಪತ್ರದಲ್ಲಿದ್ದ ಸಂಬಳ ತಿಂಗಳಿಗೆ 3,500 ದಿರ್ಹಮ್. ಒಂದು ದಿರ್ಹಮ್‌ಗೆ 23 ರೂಪಾಯಿಯಂತೆ ಹಿಡಿದರೂ 80,500 ರೂಪಾಯಿ. ಅನುದಾನವಿಲ್ಲದ ನಮ್ಮ ಶಾಲೆಯಲ್ಲಿ ಅವರು ಪಡೆಯುವುದು 16,000. ಪತಿ ಆಟೋ ಓಡಿಸುತ್ತಾರೆ. ಮನೆ ಕಟ್ಟಿದ ಸಾಲ ಇನ್ನೂ ಆರು ಲಕ್ಷ ಉಳಿದಿದೆ. ನಾಲ್ಕು ವರ್ಷದ ಮಗಳಿದ್ದಾಳೆ. ದೂರದ ಬೆಟ್ಟ ನುಣ್ಣಗೆ ಎಂದು ಹೇಳಿ ಇಂಥವರನ್ನು ಕಳುಹಿಸಿಬಿಡುವುದು ಸುಲಭ. ಆದರೆ ಹತ್ತಿರದ ಬೆಟ್ಟದ ಕಲ್ಲುಮುಳ್ಳನ್ನು ದಿನವೂ ತುಳಿಯುತ್ತಿರುವವರಿಗೆ ಆ ಗಾದೆಯನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ದಿರ್ಹಮನ್ನು ರೂಪಾಯಿಗೆ ಗುಣಿಸುವುದು ನಮ್ಮವರೆಲ್ಲರೂ ಮಾಡುವ ಮೊದಲ ಲೆಕ್ಕ. 1997ರಿಂದ ದಿರ್ಹಮ್ ಬೆಲೆಯನ್ನು ಅಮೆರಿಕದ ಡಾಲರಿಗೆ 3.6725ರಂತೆ ಕಟ್ಟಿಹಾಕಿದ್ದಾರೆ. ಹೀಗಾಗಿ ನಮ್ಮ ರೂಪಾಯಿ ಇಳಿದಾಗಲೆಲ್ಲ ಅಲ್ಲಿಂದ ಬರುವ ಹಣ ಇಲ್ಲಿ ಉಬ್ಬುತ್ತದೆ. (ರೂಪಾಯಿ ಕುಸಿದ ಸುದ್ದಿ ಕೇಳಿ ಸಂತೋಷಪಡುವ ಮನೆಗಳನ್ನು ಕರಾವಳಿಯಲ್ಲಿ ನಾನು ಕಂಡಿದ್ದೇನೆ.) ಆದರೆ ಗುಣಿಸಬೇಕಾದುದು ಸಂಬಳವನ್ನಲ್ಲ, ಉಳಿತಾಯವನ್ನು. ಬಾಡಿಗೆ, ಬಸ್ಸು, ಅಕ್ಕಿ, ಫೋನು ಎಲ್ಲವೂ ಕರಗುವುದು ದಿರ್ಹಮ್‌ನಲ್ಲಿಯೇ. ನಮ್ಮೂರಿನಿಂದ ಶಾರ್ಜಾಕ್ಕೆ ಹೋಗಿರುವ ದಾದಿಯೊಬ್ಬರನ್ನು ಟೀಚರ್ ಫೋನಿನಲ್ಲಿ ವಿಚಾರಿಸಿದರು. ನಾಲ್ವರು ಹಂಚಿಕೊಳ್ಳುವ ಕೋಣೆಯಲ್ಲಿ ಒಂದು ಮಂಚದ ಜಾಗಕ್ಕೆ, ಅವರ ಮಾತಿನಲ್ಲಿ 'ಬೆಡ್ ಸ್ಪೇಸ್'ಗೆ, 800 ದಿರ್ಹಮ್. ಊಟ, ಓಡಾಟಕ್ಕೆ ಇನ್ನೊಂದು 800. ಉಳಿಯುವುದು 1,900, ಅಂದರೆ 43,700 ರೂಪಾಯಿ. ಎಂಬತ್ತು ಸಾವಿರ ಅರ್ಧಕ್ಕೆ ಇಳಿಯಿತು. ಇಷ್ಟಾದರೂ ಅದು ಇಲ್ಲಿನ ಪೂರ್ತಿ ಸಂಬಳದ ಎರಡೂವರೆ ಪಟ್ಟಿಗಿಂತ ಹೆಚ್ಚು ಎಂಬುದನ್ನೂ ಮರೆಮಾಡಬಾರದು.

ಗುರುಮಠದಲ್ಲಿ ನಮಗೆ ಪವಿತ್ರ ಗ್ರಂಥವನ್ನು ಕಲಿಸಿದ ವೃದ್ಧ ಪ್ರಾಧ್ಯಾಪಕರೊಬ್ಬರು, ಯಾವ ಪತ್ರವನ್ನೇ ಆಗಲಿ ಮೊದಲು ಕೊನೆಯಿಂದ ಓದಿರಿ ಎನ್ನುತ್ತಿದ್ದರು. ರೋಮನರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಬರಿಯ ಹೆಸರುಗಳಿವೆ ಎಂದು ನಾವು ಬಿಟ್ಟುಬಿಡುತ್ತೇವೆ. ಪತ್ರ ಯಾರ ಯಾರ ಮನೆಗೆ ಹೋಯಿತೆಂದು ತಿಳಿಯುವುದೇ ಅಲ್ಲಿ. ಉದ್ಯೋಗದ ಕರಾರನ್ನೂ ನಾನು ಹಾಗೆಯೇ ಓದುತ್ತೇನೆ. ಮೊದಲ ಪುಟದಲ್ಲಿ ಬರುವವರಿಗೆ ಸ್ವಾಗತವಿರುತ್ತದೆ. ಬಿಟ್ಟು ಹೊರಡುವವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ಇರುವುದು ಕೊನೆಯ ಪುಟದಲ್ಲಿ. ಒಳಗೆ ಹೋಗಲು ತೆರೆದ ಬಾಗಿಲು ಹೊರಗೆ ಬರಲೂ ತೆರೆಯುತ್ತದೆಯೇ ಎಂಬುದೇ ನನ್ನ ಮಟ್ಟಿಗೆ ಮೊದಲ ಪ್ರಶ್ನೆ.

ಆ ಪತ್ರದ ನಾಲ್ಕನೆಯ ಪುಟದಲ್ಲಿ ಮೂರು ಷರತ್ತುಗಳಿದ್ದವು. ಎರಡು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಮೂರು ತಿಂಗಳ ಸಂಬಳವನ್ನು ಶಾಲೆಗೆ ಕಟ್ಟಬೇಕು. ಪಾಸ್‌ಪೋರ್ಟು ಮತ್ತು ಮೂಲ ಪ್ರಮಾಣಪತ್ರಗಳು ಶಾಲೆಯ 'ಸುರಕ್ಷಿತ ವಶ'ದಲ್ಲಿರುತ್ತವೆ. ಸೇರಿದ ಮೊದಲ ವರ್ಷದ ಜುಲೈ, ಆಗಸ್ಟ್ ರಜೆಗೆ ಸಂಬಳವಿಲ್ಲ.

ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನು ಈ ವಿಷಯದಲ್ಲಿ ನಾವು ಊಹಿಸುವುದಕ್ಕಿಂತ ಸ್ಪಷ್ಟವಾಗಿದೆ. 2021ರಲ್ಲಿ ಹೊರಡಿಸಿದ ಈ ಕಾನೂನು 2022ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರೊಬೇಷನ್ ಆರು ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿ ಕೆಲಸ ಬಿಟ್ಟು ಸ್ವದೇಶಕ್ಕೆ ಮರಳಲು ಬಯಸುವವರು 14 ದಿನಗಳ ಮುನ್ಸೂಚನೆ ಕೊಡಬೇಕು. ಅನಂತರವಾದರೆ ಕರಾರಿನಲ್ಲಿ ಬರೆದಂತೆ 30ರಿಂದ 90 ದಿನ. ನೇಮಕಾತಿಯ ಖರ್ಚನ್ನು ನೌಕರರಿಂದ ವಸೂಲು ಮಾಡುವಂತಿಲ್ಲ, ಅವರ ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಳ್ಳುವಂತಿಲ್ಲ. ಹೀಗೆ ಕಾನೂನು ತೆರೆದಿಟ್ಟ ಬಾಗಿಲಿಗೆ ಶಾಲೆಯ ಕಾಗದ ಬೀಗ ಹಾಕಿತ್ತು.

ಗ್ರಾಚ್ಯುಟಿಯ ಮಾತು ಇದಕ್ಕಿಂತ ಸೂಕ್ಷ್ಮ. ಒಂದು ವರ್ಷ ಪೂರೈಸಿದವರಿಗೆ, ಮೊದಲ ಐದು ವರ್ಷಗಳಿಗೆ ವರ್ಷವೊಂದಕ್ಕೆ 21 ದಿನಗಳ, ಅನಂತರ 30 ದಿನಗಳ ಮೂಲವೇತನ ಸಲ್ಲುತ್ತದೆ. 'ಮೂಲವೇತನ' ಎಂಬ ಪದದ ಮೇಲೆ ಬೆರಳಿಟ್ಟು ತೋರಿಸಿದೆ. 3,500ರಲ್ಲಿ ಮೂಲವೇತನವೆಂದು ಬರೆದಿದ್ದುದು 1,200 ಮಾತ್ರ. ಉಳಿದದ್ದು ಮನೆ ಭತ್ಯೆ, ಸಾರಿಗೆ ಭತ್ಯೆ, 'ಇತರೆ'. ಆ ಲೆಕ್ಕದಲ್ಲಿ ವರ್ಷದ ಗ್ರಾಚ್ಯುಟಿ 840 ದಿರ್ಹಮ್. ಮೂಲವೇತನ 2,000 ಇದ್ದರೆ ಅದೇ 1,400 ಆಗುತ್ತಿತ್ತು. ತಿಂಗಳು ತಿಂಗಳು ಶಾಲೆ ಕೊಡುವುದು ಎರಡೂ ಕಡೆ ಒಂದೇ. ಹೊರಡುವ ದಿನದ ನಷ್ಟ ಮಾತ್ರ ಶಿಕ್ಷಕಿಯದು. ಗಣಿತದ ಟೀಚರ್ ಆದ್ದರಿಂದ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ.

ಈ ಪತ್ರವನ್ನು ತಂದುಕೊಟ್ಟ ಏಜೆಂಟ್ ಕೇಳಿದ್ದು 1,20,000 ರೂಪಾಯಿ. ಮೊದಲು ವಿಸಿಟ್ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಿ, ಆಮೇಲೆ ಅಲ್ಲಿಯೇ ಬದಲಾಯಿಸಿಕೊಳ್ಳಬಹುದು ಎಂದೂ ಹೇಳಿದ್ದನಂತೆ. ನಮ್ಮ ದೇಶದ 1983ರ ವಲಸೆ ಕಾಯಿದೆಯಂತೆ ನೋಂದಣಿ ಪಡೆದ ಏಜೆಂಟರು ಮಾತ್ರ ವಿದೇಶದ ಉದ್ಯೋಗಕ್ಕೆ ಜನರನ್ನು ನೇಮಿಸಬಹುದು. ಅವರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಅದೂ ರಸೀದಿಯೊಂದಿಗೆ. ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿದೆ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿನ ಕಾನೂನಿಗೆ ವಿರುದ್ಧ. 2016ರ ಜನವರಿಯಿಂದ ನಡೆದು ಬಂದಿರುವ ಕ್ರಮದಲ್ಲಿ, ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿರುವ ಆಫರ್ ಲೆಟರಿಗೆ ಊರು ಬಿಡುವ ಮೊದಲೇ ಸಹಿಯಾಗಬೇಕು. ಅಲ್ಲಿ ತಲುಪಿದ ಮೇಲೆ ಆಗುವ ಕರಾರು ಅದಕ್ಕೆ ತಾಳೆಯಾಗಬೇಕು. ನಮ್ಮೆದುರಿಗಿದ್ದುದು ಶಾಲೆಯ ಲೆಟರ್‌ಹೆಡ್ಡಿನ ಕಾಗದ, ಅಷ್ಟೇ.

ಇಲ್ಲಿ ಒಂದು ವಿಚಿತ್ರವನ್ನು ಹೇಳಬೇಕು. ಹತ್ತನೆಯ ತರಗತಿ ಮುಗಿಸದವರು ಕೊಲ್ಲಿಗೆ ದುಡಿಯಲು ಹೋಗಬೇಕಾದರೆ ಸರ್ಕಾರದ ವಲಸೆ ಅನುಮತಿ ಬೇಕು. ಅವರ ಕರಾರನ್ನು ಒಬ್ಬ ಅಧಿಕಾರಿಯಾದರೂ ನೋಡುತ್ತಾನೆ. ಪದವಿ, ಬಿ.ಎಡ್. ಮಾಡಿದವರಿಗೆ ಆ ಅನುಮತಿ ಬೇಡ. ಓದಿದವರು ತಮ್ಮ ಕಾಗದವನ್ನು ತಾವೇ ಓದಿಕೊಳ್ಳುತ್ತಾರೆ ಎಂಬುದು ಸರ್ಕಾರದ ಎಣಿಕೆ. ಓದದೆ ಸಹಿ ಹಾಕುವವರಲ್ಲಿ ಓದಿದವರೇ ಹೆಚ್ಚು ಎಂಬುದು ನನ್ನ ಅನುಭವ.

ಒಳ್ಳೆಯದನ್ನೂ ಹೇಳದಿದ್ದರೆ ನ್ಯಾಯವಾಗುವುದಿಲ್ಲ. 2022ರಿಂದ ಶಾರ್ಜಾದಲ್ಲಿ ವಾರಕ್ಕೆ ನಾಲ್ಕೇ ದಿನ ಶಾಲೆ; ಶುಕ್ರವಾರದಿಂದ ಭಾನುವಾರದವರೆಗೆ ಬಿಡುವು. ಸಂತ ಮೈಕೆಲರ ದೇವಾಲಯವಿದೆ, ನಮ್ಮ ಕಡೆಯ ಜನರಿದ್ದಾರೆ. ಖಾಸಗಿ ಶಾಲೆಗಳನ್ನು ಅಲ್ಲಿನ ಪ್ರಾಧಿಕಾರ ಪರಿಶೀಲಿಸಿ ವರದಿ ಪ್ರಕಟಿಸುತ್ತದೆ. ಪಾಲಕರಿಗಾಗಿ ಬರೆದ ಆ ವರದಿಯಲ್ಲಿ ಶಿಕ್ಷಕರೂ ನೋಡಬೇಕಾದ ಒಂದು ಅಂಕಿಯಿರುತ್ತದೆ: ವರ್ಷಕ್ಕೆ ನೂರಕ್ಕೆ ಎಷ್ಟು ಶಿಕ್ಷಕರು ಶಾಲೆ ಬಿಟ್ಟು ಹೋಗುತ್ತಾರೆ ಎಂಬುದು. ಕಟ್ಟಡದ ಚಿತ್ರಕ್ಕಿಂತ, ಈಜುಕೊಳದ ಚಿತ್ರಕ್ಕಿಂತ ಆ ಒಂದು ಅಂಕಿ ಹೆಚ್ಚು ಮಾತಾಡುತ್ತದೆ. ನಾವು ಹುಡುಕಿದ ಶಾಲೆಯಲ್ಲಿ ಅದು ಕಾಲುಭಾಗಕ್ಕೆ ಹತ್ತಿರವಿತ್ತು. ತೀರಾ ಕೆಟ್ಟದೆನ್ನಲಾರೆ, ನಿಶ್ಚಿಂತೆಯಿಂದ ಇರುವಂಥದ್ದೂ ಅಲ್ಲ.

ತಮ್ಮ ಮಲೆನಾಡಿನ ಇಂಗ್ಲಿಷ್ ಅಲ್ಲಿ ನಡೆಯುತ್ತದೆಯೇ ಎಂಬ ಅಳುಕೂ ಟೀಚರಿಗಿತ್ತು. 1882ರಲ್ಲಿ ಬೆಂಗಳೂರಿನಲ್ಲಿ ಸಂತ ಜೋಸೆಫರ ಕಾಲೇಜನ್ನು ಆರಂಭಿಸಿದವರು ಪ್ಯಾರಿಸ್ಸಿನಿಂದ ಬಂದ ಫ್ರೆಂಚ್ ಗುರುಗಳು, ಇಂಗ್ಲಿಷ್ ಅವರ ತಾಯ್ನುಡಿಯಲ್ಲ ಎಂದು ನೆನಪಿಸಿದೆ. ಸಂದರ್ಶನದಲ್ಲಿ ಅವರು ಭಿನ್ನರಾಶಿಗಳನ್ನು ಕಲಿಸಿ ತೋರಿಸಿ ಆಯ್ಕೆಯಾಗಿದ್ದರು. ಅಷ್ಟು ಸಾಕು.

ಇಷ್ಟೆಲ್ಲ ನೋಡಿದ ಮೇಲೆ ಉಳಿದದ್ದು ಮಗುವಿನ ಮಾತು. 2019ರಲ್ಲಿ ಆ ದೇಶ ಕುಟುಂಬವನ್ನು ಕರೆಸಿಕೊಳ್ಳುವ ನಿಯಮವನ್ನು ಬದಲಾಯಿಸಿ, ಹುದ್ದೆಗೆ ಬದಲು ವರಮಾನವನ್ನು ನೋಡತೊಡಗಿತು. ಕನಿಷ್ಠ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ತಾಯಿಯೇ ಕರೆಸಿಕೊಳ್ಳುವುದಾದರೆ ಇನ್ನೂ ಕೆಲವು ಕಾಗದಗಳು ಬೇಕು, ಆದರೆ ಮೊದಲ ಮೆಟ್ಟಿಲು ಇದು. ಶಾಲೆ ವಸತಿ ಕೊಡುತ್ತಿರಲಿಲ್ಲ, ಸಂಬಳ 3,500. ಮಗಳು ಜೊತೆಯಲ್ಲಿರುವುದಕ್ಕೂ ಎರಡು ವರ್ಷ ಅಜ್ಜಿಯ ಬಳಿ ಉಳಿಯುವುದಕ್ಕೂ ನಡುವೆ ಇದ್ದುದು 500 ದಿರ್ಹಮ್.

ಕರಾವಳಿಯ ಧರ್ಮಕೇಂದ್ರವೊಂದರಲ್ಲಿ ನಾನು ಸಹಾಯಕ ಗುರುವಾಗಿದ್ದಾಗ ಒಬ್ಬ ಹುಡುಗ, "ಅಮ್ಮ ರಜೆಗೆ ಬರ್ತಾರೆ" ಎನ್ನುತ್ತಿದ್ದ, ಬೇರೆ ಮಕ್ಕಳು ಹಬ್ಬಕ್ಕೆ ಬರುವ ನೆಂಟರ ಬಗ್ಗೆ ಹೇಳುವ ದನಿಯಲ್ಲಿ. ಅಜ್ಜಿ ಅವನನ್ನು ಚೆನ್ನಾಗಿಯೇ ಬೆಳೆಸಿದರು. ಈಗ ಇಂಜಿನಿಯರ್ ಆಗಿದ್ದಾನೆ. ಅವನ ತಾಯಿ ಹೋಗಬಾರದಿತ್ತು ಎಂದು ನಾನು ಹೇಳಲಾರೆ. ಆ ವರ್ಷಗಳ ಬೆಲೆ ಯಾವ ಸಂಬಳದ ಚೀಟಿಯಲ್ಲಿಯೂ ಕಾಣಲಿಲ್ಲ ಎಂದಷ್ಟೇ ಹೇಳಬಲ್ಲೆ.

1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಂ ನೊವಾರುಂ' ಪರಿಪತ್ರದಲ್ಲಿ, ಇಬ್ಬರೂ ಒಪ್ಪಿದರೆಂಬ ಮಾತ್ರಕ್ಕೆ ಕೂಲಿಯ ಕರಾರು ನ್ಯಾಯವಾಗುವುದಿಲ್ಲ, ಅಗತ್ಯದ ಒತ್ತಡದಿಂದ ಒಪ್ಪಿಕೊಂಡ ಕಠಿಣ ಷರತ್ತು ಅನ್ಯಾಯವೇ ಎಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋರವರು ಆ ಹೆಸರನ್ನು ಆರಿಸಿಕೊಂಡಾಗ ನೆನೆದದ್ದು ಇದೇ ಪರಿಪತ್ರವನ್ನು. 1981ರಲ್ಲಿ ಎರಡನೆಯ ಜಾನ್ ಪಾಲರು 'ಲಾಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರದಲ್ಲಿ, ದುಡಿಮೆಗಾಗಿ ನಾಡು ಬಿಡುವ ಹಕ್ಕಿನ ಜೊತೆಯಲ್ಲಿಯೇ ಮರಳಿ ಬರುವ ಹಕ್ಕನ್ನೂ ಹೇಳಿದರು. ಆ ನಾಲ್ಕನೆಯ ಪುಟದಲ್ಲಿ ಸೋರಿಹೋಗುತ್ತಿದ್ದುದು ಈ ಎರಡನೆಯ ಹಕ್ಕು. ಲಿಯೋರವರ ಮಾತಾದರೋ ಶಾರ್ಜಾಕ್ಕೆ ಮಾತ್ರ ತಗಲುವಂಥದ್ದಲ್ಲ. ಶುಲ್ಕ ಏರಿಸಿದರೆ ಬಡವರ ಮಕ್ಕಳು ದೂರವಾಗುತ್ತಾರೆ, ಏರಿಸದಿದ್ದರೆ ಶಿಕ್ಷಕರು ದೂರವಾಗುತ್ತಾರೆ ಎಂಬ ಇಕ್ಕಟ್ಟಿನಲ್ಲಿ ನಮ್ಮ ಶಾಲೆಗಳಿವೆ. 16,000 ಕೊಡುವ ಸಂಚಾಲಕನು 80,500ರ ಪತ್ರ ಹಿಡಿದು ಬಂದವರಿಗೆ ಸೇವಾಮನೋಭಾವವನ್ನು ಉಪದೇಶಿಸುವುದು ಸಲ್ಲದು.

ಟೀಚರ್ ತಾವೇ ಕುಳಿತು ಒಂದು ಪತ್ರ ಬರೆದರು, ಶಾಲೆಗೇ ನೇರವಾಗಿ. ನಾನು ಎರಡು ಕಡೆ ಕ್ರಿಯಾಪದ ತಿದ್ದಿದೆ. ನೋಂದಣಿ ಸಂಖ್ಯೆ ಕೇಳಿದ ದಿನದಿಂದ ಏಜೆಂಟ್ ಫೋನ್ ಎತ್ತುವುದನ್ನು ನಿಲ್ಲಿಸಿದ. ಶಾಲೆಯಿಂದ ಹತ್ತು ದಿನಗಳಲ್ಲಿ ಸೌಜನ್ಯದ ಉತ್ತರ ಬಂತು. ಮೂರು ತಿಂಗಳ ಸಂಬಳ ಕಟ್ಟುವ ಷರತ್ತನ್ನು ಕೈಬಿಟ್ಟಿದ್ದಾರೆ. ಪಾಸ್‌ಪೋರ್ಟು ಅವರ ಬಳಿಯೇ ಇರುತ್ತದೆ. ಮೂಲವೇತನ 2,000 ಆಗಿದೆ. ಸಚಿವಾಲಯದ ನಮೂನೆಯ ಆಫರ್ ಲೆಟರನ್ನೂ ಕಳುಹಿಸುತ್ತಾರಂತೆ. ರಜೆಯ ಸಂಬಳದ ಮಾತಿಗೆ ಉತ್ತರವಿಲ್ಲ. ಒಟ್ಟು ಸಂಬಳವನ್ನು 4,000ಕ್ಕೆ ಏರಿಸುವುದನ್ನು ಪ್ರೊಬೇಷನ್ ಮುಗಿದ ಮೇಲೆ ನೋಡೋಣವೆಂದು ಫೋನಿನಲ್ಲಿ ಹೇಳಿದರು.

ಆ ಒಂದು ಸಾಲನ್ನು ಬರಹದಲ್ಲಿ ಕೊಡಿ ಎಂದು ಟೀಚರ್ ಮತ್ತೆ ಬರೆದಿದ್ದಾರೆ. ಈ ಲೇಖನವನ್ನು ಮುಗಿಸುವ ಹೊತ್ತಿಗೆ ಉತ್ತರ ಬಂದಿಲ್ಲ. ಪದವಿ ಪ್ರಮಾಣಪತ್ರವನ್ನು ದೃಢೀಕರಣಕ್ಕೆಂದು ಬೆಂಗಳೂರಿಗೂ ದೆಹಲಿಗೂ ಕಳುಹಿಸಬೇಕು, ಅದಕ್ಕೆ ವಾರಗಳು ಹಿಡಿಯುತ್ತವೆ, ಏಪ್ರಿಲ್ ದೂರವಿಲ್ಲ. ಸದ್ಯಕ್ಕೆ ಅದು ಅವರ ಮನೆಯ ಟ್ರಂಕಿನಲ್ಲಿಯೇ ಇದೆ.