ಪದಗಳ ಪಟ್ಟಿ ಮತ್ತು ಒಂದು ಸೊನ್ನೆ

ಮೊಮ್ಮಗಳು ಈ ವರ್ಷ ಪದವಿ ತರಗತಿಯಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡಿದ್ದಾಳೆ. ಕಳೆದ ಭಾನುವಾರ ದೂರವಾಣಿಯಲ್ಲಿ ಒಂದು ಪಟ್ಟಿಯನ್ನು ಓದಿ ಹೇಳಿದಳು: ಮೆಟಫರ್, ಸ್ಟಾಂಜಾ, ಸಾನೆಟ್, ಟ್ರಾಜಿಡಿ, ಐರನಿ... ಹೀಗೆ ನಲವತ್ತು ಪದಗಳು. "ತಾತ, ಇವನ್ನೆಲ್ಲ ಉರು ಹೊಡೆಯಬೇಕಂತೆ. ನೀವು ಹೇಗೆ ಕಲಿಸುತ್ತಿದ್ದಿರಿ?" ಎಂದು ಕೇಳಿದಳು. ಉರು ಹೊಡೆಸಿಯೇ ಕಲಿಸುತ್ತಿದ್ದೆ ಎನ್ನಲು ನಾಲಿಗೆ ಏಳಲಿಲ್ಲ. ನನ್ನ ಕೈಕೆಳಗೆ ಕಲಿತವರು ಇದನ್ನು ಓದಿ ನಗಬಹುದು, ನಗಲಿ.

ನಿವೃತ್ತನಾದ ಮೇಲೆ ಬಿಡುವಾಗಿ ನಿಘಂಟುಗಳನ್ನು ತಿರುವಿಹಾಕುತ್ತಿದ್ದಾಗ ತಿಳಿದದ್ದು, ಈ ಭಯಂಕರ ಪದಗಳೆಲ್ಲ ಮೊದಲು ಮನೆ ಹೊಲಗಳ ಮಾತುಗಳಾಗಿದ್ದವು ಎಂಬುದು. ಪದ್ಯಕ್ಕೆ ಇಂಗ್ಲಿಷಿನಲ್ಲಿ ವರ್ಸ್ ಎನ್ನುತ್ತಾರಷ್ಟೆ. ಅದರ ಮೂಲವಾದ ಲ್ಯಾಟಿನ್ ಪದಕ್ಕೆ ತಿರುಗುವುದು ಎಂದೂ ನೇಗಿಲ ಸಾಲು ಎಂದೂ ಅರ್ಥ. ಉಳುವವನು ಹೊಲದ ಅಂಚಿಗೆ ಬಂದು ಎತ್ತುಗಳನ್ನು ತಿರುಗಿಸುವಂತೆ ಪದ್ಯವೂ ಪಂಕ್ತಿಯ ಕೊನೆಯಲ್ಲಿ ತಿರುಗುತ್ತದೆ. ಪ್ರೋಸ್ ಎಂದರೆ ತಿರುಗದೆ ನೇರವಾಗಿ ಸಾಗುವ ಮಾತು. ನಾವು ಕನ್ನಡದಲ್ಲಿ ನೇಗಿಲ ಸಾಲು ಎನ್ನುವಂತೆಯೇ ಪದ್ಯದ ಸಾಲು ಎಂದೂ ಎನ್ನುತ್ತೇವೆ! ಬೆಳಿಗ್ಗೆ ಹೊಲದಲ್ಲಿ ದುಡಿದು ಹತ್ತೂವರೆಗೆ ತರಗತಿಗೆ ಬಂದು ಕೂರುತ್ತಿದ್ದ ಹುಡುಗರ ಮುಂದೆ ನಿಂತು ನಾನು ಈ ಒಂದು ಮಾತನ್ನು ಎಂದೂ ಹೇಳಲಿಲ್ಲ. ತಿಳಿದಿದ್ದರಲ್ಲವೇ ಹೇಳುವುದು?

ಸ್ಟಾಂಜಾ ಎಂದರೆ ಇಟಾಲಿಯನ್ ಭಾಷೆಯಲ್ಲಿ ಕೋಣೆ. ಸಾನೆಟ್ ಎಂದರೆ ಪುಟ್ಟ ನಾದ. ಹದಿನಾಲ್ಕು ಸಾಲುಗಳ ಆ ಪದ್ಯಕ್ಕೆ ನಮ್ಮ ಕವಿಗಳು ಸುನೀತವೆಂಬ ಸೊಗಸಾದ ಹೆಸರನ್ನು ಕೊಟ್ಟರು. ಮೆಟಫರ್ ಎಂಬುದರ ಗ್ರೀಕ್ ಮೂಲಕ್ಕೆ ಹೊತ್ತು ದಾಟಿಸುವುದು ಎಂದರ್ಥ. ಇಂದಿಗೂ ಗ್ರೀಸ್ ದೇಶದಲ್ಲಿ ಸಾಮಾನು ಸಾಗಿಸುವ ಲಾರಿಗಳ ಮೇಲೆ ಅದೇ ಪದವನ್ನು ಬರೆದಿರುತ್ತಾರಂತೆ.

ಉಪಮೆ ರೂಪಕಗಳ ವಿಷಯದಲ್ಲಿ ಮಾತ್ರ ನಮ್ಮ ಮಕ್ಕಳಿಗೆ ಇಂಗ್ಲಿಷ್ ಮೇಷ್ಟರ ಹಂಗಿರಲಿಲ್ಲ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಕನ್ನಡ ಪಂಡಿತರು ಮೊದಲೇ ಅರೆದು ಕುಡಿಸಿರುತ್ತಿದ್ದರು. ರೂಪಕದ ಎರಡು ಭಾಗಗಳನ್ನು ಗುರುತಿಸಲು ಇಂಗ್ಲಿಷ್ ವಿಮರ್ಶೆಯಲ್ಲಿ ಇಂದು ಬಳಕೆಯಲ್ಲಿರುವ ಟೆನರ್, ವೆಹಿಕಲ್ ಎಂಬ ಜೋಡಿ ಪದಗಳನ್ನು ಐ. ಎ. ರಿಚರ್ಡ್ಸ್ ಅವರು ಕೊಟ್ಟದ್ದು 1936ರಲ್ಲಿ. ನಮ್ಮ ಕವಿರಾಜಮಾರ್ಗವು ಅಲಂಕಾರಗಳನ್ನು ವಿವರಿಸಿದ್ದು ಒಂಬತ್ತನೆಯ ಶತಮಾನದಲ್ಲಿ. ಹೆಮ್ಮೆಗಾಗಿ ಈ ಮಾತನ್ನು ಹೇಳುತ್ತಿಲ್ಲ. ಪಕ್ಕದ ಕೊಠಡಿಯಲ್ಲಿ ಪಂಡಿತರು ಕಲಿಸುತ್ತಿದ್ದುದಕ್ಕೂ ನಾನು ಕಲಿಸುತ್ತಿದ್ದುದಕ್ಕೂ ನಡುವೆ ಒಂದು ಗೋಡೆ ಮಾತ್ರ ಇತ್ತು. ಅದರಲ್ಲೊಂದು ಬಾಗಿಲು ತೆರೆಯಬೇಕೆಂದು ನಮ್ಮಿಬ್ಬರಿಗೂ ತೋಚಲಿಲ್ಲ.

ಟ್ರಾಜಿಡಿಗೆ ದುರಂತ ಎಂದು ಬರೆಸುತ್ತಿದ್ದೆ. ಅದೂ ಅರ್ಧ ಸರಿ. ಗ್ರೀಕರ ಟ್ರಾಜಿಡಿಗಳೆಲ್ಲ ಕೆಡುಕಿನಲ್ಲಿಯೇ ಕೊನೆಯಾಗುವುದಿಲ್ಲ. ಈಸ್ಕಿಲಸನ ಒರೆಸ್ಟಿಯಾ ನಾಟಕತ್ರಯವು ಸಂಧಾನದಲ್ಲಿ ಮುಗಿಯುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ಬಳಸಿದ ರುದ್ರನಾಟಕ ಎಂಬ ಪದವೇ ಮೇಲೆಂದು ನನಗೆ ಈಗ ತೋರುತ್ತದೆ. ಸಾಫೊಕ್ಲಿಸನ ಏಜಾಕ್ಸ್ ನಾಟಕವನ್ನು ಆಧರಿಸಿ ಅವರು ಅಶ್ವತ್ಥಾಮನ್ ಬರೆದಾಗ ಪದದ ಜೊತೆಗೆ ಪದಾರ್ಥವನ್ನೂ ತಂದುಕೊಟ್ಟರು.

ಇಷ್ಟೆಲ್ಲ ಪೀಠಿಕೆ ಹಾಕುತ್ತಿರುವುದು ಐರನಿ ಎಂಬ ಪದದ ಬಳಿಗೆ ಹೋಗಲು ಹಿಂಜರಿದು ಎಂದು ಕಾಣುತ್ತದೆ.

ಐರನಿ ಎಂದರೆ ವ್ಯಂಗ್ಯ, ಹೇಳುವುದೊಂದು ಅರ್ಥ ಇನ್ನೊಂದು ಎಂದು ನಾನು ಕಲಿಸುತ್ತಿದ್ದೆ. ತಡವಾಗಿ ಬಂದವನಿಗೆ "ಬಹಳ ಬೇಗ ಬಂದೆಯಪ್ಪಾ" ಎನ್ನುವುದು ನನ್ನ ಖಾಯಂ ಉದಾಹರಣೆ. 1986ರ ಕಿರುಪರೀಕ್ಷೆಯೊಂದರಲ್ಲಿ ಸ್ವಂತ ಉದಾಹರಣೆಯನ್ನು ಬರೆಯಿರಿ ಎಂದು ಎರಡು ಅಂಕಗಳ ಪ್ರಶ್ನೆಯನ್ನು ಕೊಟ್ಟಿದ್ದೆ. ಎಲ್ಲರೂ ಬೇಗ ಬಂದವನನ್ನೇ ಬರೆದರು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ತಪ್ಪು ತಪ್ಪು ಇಂಗ್ಲಿಷಿನಲ್ಲಿ ಎರಡು ವಾಕ್ಯಗಳನ್ನು ಬರೆದಿದ್ದಳು. ನನ್ನ ಪುಸ್ತಕ ಮತ್ತು ಬಸ್ಸಿನ ಖರ್ಚಿಗಾಗಿ ಅಪ್ಪ ನಮ್ಮ ಮನೆಯ ಹಸುವನ್ನು ಮಾರಿದರು. ಕೊಂಡು ತಂದ ಪ್ರಬಂಧ ಪುಸ್ತಕದ ಮೊದಲನೆಯ ಪ್ರಬಂಧ ಹಸು.

ನಾನು ಸೊನ್ನೆ ಕೊಟ್ಟೆ. ಇಲ್ಲಿ ಯಾರೂ ವಿರುದ್ಧಾರ್ಥದ ಮಾತನ್ನು ಆಡಿಲ್ಲ, ಇದು ಐರನಿಯಲ್ಲ ಎಂದು ಕೆಂಪು ಶಾಯಿಯಲ್ಲಿ ಬರೆದೆ. ಅವಳು ಏನನ್ನೂ ಕೇಳಲಿಲ್ಲ. ಆಗ ಕೇಳುವ ರೂಢಿಯೂ ಇರಲಿಲ್ಲ. ನಾನು ಆ ರೂಢಿಯನ್ನು ಬೆಳೆಸಲೂ ಇಲ್ಲ.

ವರ್ಷಗಳ ನಂತರ ಈಡಿಪಸ್ ನಾಟಕವನ್ನು ಓದಿದೆ. ರಾಜನನ್ನು ಕೊಂದವನನ್ನು ಈಡಿಪಸ್ ಸಭೆಯ ಮುಂದೆ ಶಪಿಸುತ್ತಾನೆ. ಕೊಂದವನು ತಾನೇ ಎಂದು ಅವನಿಗೆ ತಿಳಿಯದು, ನೋಡುವವರಿಗೆ ತಿಳಿದಿದೆ. ಇದೂ ಐರನಿ. ಹಾಗೆ ನೋಡಿದರೆ ನಮ್ಮ ಭಾರತದಲ್ಲಿಯೇ ಇದು ಕಣ್ಣಿಗೆ ರಾಚುವಂತಿದೆ. ಕರ್ಣನನ್ನು ಸೂತಪುತ್ರನೆಂದು ಮೂದಲಿಸುವ ಭೀಮನಿಗೆ ಅವನು ತನ್ನ ಅಣ್ಣನೆಂದು ಗೊತ್ತಿಲ್ಲ. ಅಲ್ಲಿ ಮೂದಲಿಕೆ ಭೀಮನದು. ಐರನಿ ಇರುವುದು ಅವನ ಮಾತಿನಲ್ಲಲ್ಲ, ಸನ್ನಿವೇಶದಲ್ಲಿ. ಕನ್ನಡದ ವ್ಯಂಗ್ಯ ಎಂಬ ಪದವೇ ನನ್ನನ್ನು ದಾರಿ ತಪ್ಪಿಸಿತು ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆನಂದವರ್ಧನನ ಧ್ವನಿ ಸಿದ್ಧಾಂತದಲ್ಲಿ ವ್ಯಂಗ್ಯವೆಂದರೆ ಚುಚ್ಚುಮಾತಲ್ಲ, ಸೂಚಿತವಾದ ಅರ್ಥ. ಆದ್ದರಿಂದ ಆ ನೆಪವೂ ನಿಲ್ಲಲಿಲ್ಲ. ನಾಟಕವನ್ನು ಮುಚ್ಚಿಟ್ಟ ಆ ರಾತ್ರಿ ನೆನಪಾದವಳು ಹಸು ಮಾರಿದ ಮನೆಯ ಹುಡುಗಿ. ಇಡೀ ತರಗತಿಯಲ್ಲಿ ಐರನಿಯನ್ನು ಅರಿತಿದ್ದವಳು ಅವಳೊಬ್ಬಳೇ. ಅರಿಯದೆ ಇದ್ದವರಲ್ಲಿ ಮೇಷ್ಟ್ರೂ ಸೇರಿದ್ದರು.

2014ರಲ್ಲಿ ಒಂದು ಮದುವೆಯಲ್ಲಿ ಅವಳು ಸಿಕ್ಕಳು. ತಾನಾಗಿಯೇ ಬಂದು ನಮಸ್ಕರಿಸಿ ಪರಿಚಯ ಹೇಳಿಕೊಂಡಳು. ಎರಡು ಅಂಕಗಳ ಕಥೆಯನ್ನು ಹೇಳಿ, ತಪ್ಪು ನನ್ನದಮ್ಮ ಎಂದೆ. ಅವಳಿಗೆ ಪರೀಕ್ಷೆ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಸು ನೆನಪಿದೆ ಸಾರ್. ಮಾರಿದ ಮೇಲೂ ಅಪ್ಪ ಸಂತೆಯ ದಿನ ಕೊಂಡವರ ಕೊಟ್ಟಿಗೆಗೆ ಹೋಗಿ ಅದನ್ನು ನೋಡಿಕೊಂಡು ಬರುತ್ತಿದ್ದರು. ಹಾಗೆ ಹೋಗುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು" ಎಂದಳು. ಅಷ್ಟರಲ್ಲಿ ಎರಡನೆಯ ಪಂಕ್ತಿಗೆ ಎಲೆ ಹಾಕಿದರೆಂದು ಯಾರೋ ಕರೆದರು.

ಮೊಮ್ಮಗಳಿಗೆ ಐರನಿಯನ್ನು ಮಾತ್ರ ಆ ಭಾನುವಾರ ಹೇಳಿಕೊಟ್ಟೆ. ಪಟ್ಟಿಯಲ್ಲಿ ಇನ್ನೂ ಮೂವತ್ತೊಂಬತ್ತು ಪದಗಳಿವೆ. ನಾಳೆ ಮತ್ತೆ ಕರೆ ಮಾಡುತ್ತೇನೆ ಎಂದಿದ್ದಾಳೆ.