ಬಾಟಲಿಗೆ ಬಂದ ಬೆಲೆ

ಬೆಳಗ್ಗೆ ಒಂಬತ್ತೂವರೆ. ಇಂದಿರಾನಗರದ ಕಡೆಯ ಒಂದು ಒಣ ಕಸ ಸಂಗ್ರಹ ಕೇಂದ್ರದ ಶೆಡ್ಡಿನೊಳಗೆ ನಿಂತಿದ್ದೀರಿ. ಆಟೋ ಟಿಪ್ಪರ್ ಹಿಂದಕ್ಕೆ ಬಂದು ಮೂಟೆಗಳನ್ನು ಸುರಿಯುತ್ತಿದ್ದಂತೆ ಹುಳಿ ಹಾಲಿನ ವಾಸನೆ ಮೂಗಿಗೆ ಅಡರುತ್ತದೆ. ತೊಳೆಯದೆ ಎಸೆದ ನಂದಿನಿ ಕವರುಗಳು. ತೊಳೆದಿದ್ದರೆ ಒಳ್ಳೆಯ ರೇಟು ಬರುವ ಮಾಲು ಅದು.

ರಾಶಿಯ ಮುಂದೆ ಕೂತಿರುವ ಅಕ್ಕನ ಕೈ ನೋಡಿ. ನೀರಿನ ಬಾಟಲಿಯ ಮುಚ್ಚಳ ತಿರುವಿ ಒಂದು ಬುಟ್ಟಿಗೆ ಹಾಕುತ್ತಾರೆ; ಅದು ಬೇರೆ ಜಾತಿಯ ಪ್ಲಾಸ್ಟಿಕ್. ಲೇಬಲ್ಲನ್ನು ಬ್ಲೇಡಿನಿಂದ ಸೀಳಿ ಪಕ್ಕಕ್ಕೆಸೆಯುತ್ತಾರೆ. ಬಾಟಲಿ ಹಿಮ್ಮಡಿಯಡಿ ಅಪ್ಪಚ್ಚಿಯಾಗಿ ಬಿಳಿ ಪೆಟ್ ಪ್ಲಾಸ್ಟಿಕ್ಕಿನ ಮೂಟೆ ಸೇರುತ್ತದೆ. ಹಸಿರು ಬಾಟಲಿಗೆ ಬೇರೆ ಮೂಟೆ. ಶಾಂಪೂ ಡಬ್ಬಿಯ ಪ್ಲಾಸ್ಟಿಕ್ ಎಚ್‌ಡಿಯೋ ಪಿಪಿಯೋ ಎಂದು ಬೆರಳಲ್ಲಿ ಅದುಮಿ ನೋಡಿಯೇ ಹೇಳಿಬಿಡುತ್ತಾರೆ. ಚಿಪ್ಸ್ ಪೊಟ್ಟಣ ಕೈಗೆ ಬಂದಾಗ ಮಾತ್ರ ಮುಖ ಸಿಂಡರಿಸುತ್ತಾರೆ. ಗುಜರಿಯಲ್ಲಿ ಅದನ್ನು ಕೇಳುವವರಿಲ್ಲ.

ಇಷ್ಟು ಬಲ್ಲ ಚಿಂದಿ ಆಯುವವರನ್ನು ಬೆಂಗಳೂರು ಬಹುಕಾಲ ಕಳ್ಳರಂತೆ ಕಂಡಿತು. 2011ರಲ್ಲಿ ನಗರದ ಆಗಿನ ಪಾಲಿಕೆ ಬಿಬಿಎಂಪಿ ಇವರಿಗೆ ಗುರುತಿನ ಚೀಟಿ ಕೊಡತೊಡಗಿದ ಮೇಲೆ ಬೀದಿಯಲ್ಲಿ ತಡೆದು ಕೇಳಿದವರಿಗೆ ತೋರಿಸಲು ಒಂದು ಕಾರ್ಡಾದರೂ ಕುತ್ತಿಗೆಯಲ್ಲಿ ನೇತಾಡಿತು. ನಳಿನಿ ಶೇಖರ್ ಅವರ ‘ಹಸಿರು ದಳ’ ಸಂಸ್ಥೆ ಆ ಚೀಟಿಗಾಗಿ ಓಡಾಡಿತು. ಚಿಂದಿ ಆಯುತ್ತಿದ್ದವರೇ ಇಂಥ ಕೇಂದ್ರಗಳನ್ನು ನಡೆಸುವ ಕಾಲವೂ ಬಂತು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಹೆಜ್ಜೆ ಇದೇ. ಹೊರದೇಶದ ದುಡ್ಡು ಆಮೇಲಿನದು.

ಆ ದುಡ್ಡು ಎರಡು ದಾರಿಯಲ್ಲಿ ಬಂತು. 2019ರಲ್ಲಿ ಬ್ರಿಟನ್ನಿನ ‘ದಿ ಬಾಡಿ ಶಾಪ್’ ಕಂಪನಿ ‘ಪ್ಲಾಸ್ಟಿಕ್ಸ್ ಫಾರ್ ಚೇಂಜ್’ ಸಂಸ್ಥೆಯ ಮೂಲಕ ಬೆಂಗಳೂರಿನ ಪ್ಲಾಸ್ಟಿಕ್ಕನ್ನು ನ್ಯಾಯಬೆಲೆಗೆ ಕೊಳ್ಳಲು ಶುರುಮಾಡಿತು. ಮೊದಲ ವರ್ಷಕ್ಕೆ 250 ಟನ್ ಎಂದು ಘೋಷಿಸಿತು. ಮರುವರ್ಷ ಸ್ವೀಡನ್ನಿನ ಎಚ್ ಅಂಡ್ ಎಂ ಫೌಂಡೇಶನ್ನಿನ ನೆರವಿನಲ್ಲಿ ‘ಸಾಮೂಹಿಕ ಶಕ್ತಿ’ ಎಂಬ ಯೋಜನೆ ಆರಂಭವಾಯಿತು. ಹಸಿರು ದಳವೂ ಸೇರಿ ಹಲವು ಸಂಸ್ಥೆಗಳು ಇವರ ಮಕ್ಕಳ ಓದು, ನೀರು, ಶೌಚಾಲಯ, ಹೊಸ ಕಸುಬು ಎಲ್ಲವನ್ನೂ ಒಟ್ಟಿಗೆ ಕೈಗೆತ್ತಿಕೊಂಡವು.

ದಾನಕ್ಕಿಂತ ಬೆಲೆ ಕೊಟ್ಟು ಕೊಳ್ಳುವುದೇ ಮೇಲು ಎಂದು ನಾನು ನಂಬುತ್ತೇನೆ. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ. ಆಗ ಗುಜರಿ ರೇಟು ಕುಸಿದು ಏಟು ಬೀಳುವುದು ಈ ಅಕ್ಕನ ದಿನದ ಸಂಪಾದನೆಗೆ. ಬೆಲೆ ಕುಸಿಯದಂತೆ ಹಿಡಿದು ನಿಲ್ಲಿಸುವ ಖರೀದಿದಾರ ಇವರಿಗೆ ಬೇಕೇ ಬೇಕು. ಆದರೆ 2024ರ ಫೆಬ್ರವರಿಯಲ್ಲಿ ಬಾಡಿ ಶಾಪಿನ ಬ್ರಿಟನ್ ಘಟಕವೇ ದಿವಾಳಿ ಪ್ರಕ್ರಿಯೆಗೆ ಸಿಕ್ಕಿತು. ದೂರದ ಊರಿನ ಒಳ್ಳೆಯ ಮನಸ್ಸನ್ನು ನಂಬಿ ಇಲ್ಲಿ ಒಲೆ ಹಚ್ಚಲಾಗದು.

ಯಂತ್ರ ಪೆಟ್ ಮೂಟೆಗಳನ್ನು ಅದುಮಿ ಬೇಲ್ ಮಾಡುತ್ತಿದೆ. ಲಾರಿ ಬಂದಿದೆ, ತೂಕ ನಡೆದಿದೆ. ಹೊರಡುವ ಮುನ್ನ ಒಂದು ಮಾತು: ನಿಮ್ಮ ವಾರ್ಡಿನ ಕೇಂದ್ರವನ್ನು ಯಾರು ನಡೆಸುತ್ತಿದ್ದಾರೆ, ಅವರ ಕರಾರು ಎಲ್ಲಿಯವರೆಗಿದೆ, ಅವರಿಗೆ ಸಲ್ಲಬೇಕಾದ ಹಣ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ ಎಂದು ವಿಚಾರಿಸಿ. ಬರುತ್ತಿಲ್ಲವಾದರೆ ಅವರ ಪರವಾಗಿ ದೂರು ಕೊಡಿ.