ಆದೇಶವಿಲ್ಲದ ರೆಕ್ಕೆಗಳು

ನಮ್ಮ ಮಕ್ಕಳು ಮೊಬೈಲಿನಲ್ಲಿ ಓದುತ್ತಿರುವ ಇಂಗ್ಲಿಷ್ ಕಾದಂಬರಿಗಳಲ್ಲಿ ‘ಏಂಜೆಲ್‌ಫಾಲ್’ ಎಂಬುದೂ ಒಂದು. ಅಮೆರಿಕದ ಲೇಖಕಿ ಸುಸಾನ್ ಈ ಇದನ್ನು 2011ರಲ್ಲಿ ಸ್ವತಃ ಪ್ರಕಟಿಸಿದರು. 2013 ಮತ್ತು 2015ರಲ್ಲಿ ಇದರ ಮುಂದಿನ ಭಾಗಗಳು ಬಂದವು. ಮಲಕ್‌ಗಳು ಆಕಾಶದಿಂದಿಳಿದು ಮನುಷ್ಯರ ನಗರಗಳನ್ನು ನಾಶಗೊಳಿಸಿ ಆರು ವಾರಗಳಾಗಿರುವಲ್ಲಿಂದ ಕಥೆ ಆರಂಭವಾಗುತ್ತದೆ. ಕ್ಯಾಲಿಫೋರ್ನಿಯಾದ ಪೆನ್ರಿನ್ ಎಂಬ 17ರ ಹುಡುಗಿ, ನಡೆಯಲಾರದ ಏಳು ವರ್ಷದ ತಂಗಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ತಾಯಿಯೊಂದಿಗೆ ಹೊರಡುತ್ತಾಳೆ. ದಾರಿಯಲ್ಲಿ ಮಲಕ್‌ಗಳು ಆ ತಂಗಿಯನ್ನು ಎತ್ತಿಕೊಂಡು ಹೋಗುತ್ತಾರೆ. ತನ್ನವರಿಂದಲೇ ರೆಕ್ಕೆ ಕತ್ತರಿಸಿಸಿಕೊಂಡ ಮಲಕ್‌ನೊಬ್ಬನೊಂದಿಗೆ ಅಕ್ಕ ಅವಳನ್ನು ಹುಡುಕುತ್ತಾ ಸ್ಯಾನ್‌ಫ್ರಾನ್ಸಿಸ್ಕೋ ನಗರಕ್ಕೆ ಹೋಗುತ್ತಾಳೆ.

ನಾರಾಯಣಪುರದ ನಮ್ಮ ಮನೆಗೆ ಈ ಪುಸ್ತಕ ಬಂದದ್ದು ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳ ಮೊಬೈಲಿನ ಮೂಲಕ. ಕಥೆಯನ್ನು ಅವಳೇ ಉತ್ಸಾಹದಿಂದ ಮನೆಯವರಿಗೆ ಹೇಳತೊಡಗಿದಳು. ಬೈತುಲ್ ಮಖ್ದಿಸ್‌ನ ಅವಶೇಷಗಳ ಮೇಲೆ ಜಿಬ್ರೀಲ್‌ರನ್ನು ಮನುಷ್ಯರು ಗುಂಡಿಕ್ಕಿ ಉರುಳಿಸುವ ಭಾಗ ಬರುತ್ತಲೇ ನಮ್ಮ ತಾಯಿಯವರ ಕೈಯಲ್ಲಿದ್ದ ತಸ್ಬೀಹ್ ನಿಂತುಹೋಯಿತು. “ತೌಬಾ, ತೌಬಾ” ಎಂದರು. ಮಲಕ್ ಮತ್ತು ಹುಡುಗಿಯ ನಡುವೆ ಪ್ರೇಮವೂ ಇದೆ ಎಂದಾಗ ಭಾವನವರು ಮೊಬೈಲನ್ನೇ ಕಿತ್ತುಕೊಳ್ಳಲು ಎದ್ದರು. ನಾನು ಮೊದಲು ಓದಿ ನೋಡುತ್ತೇನೆಂದು ಕೇಳಿಕೊಂಡೆ. ನಾಲ್ಕು ರಾತ್ರಿ ಹಿಡಿಯಿತು.

ಓದಿದ ಮೇಲೆ ನನಗೆ ತೋಚಿದ್ದು ಇಷ್ಟು. ಆ ಕಾದಂಬರಿಯಲ್ಲಿ ದೇವನೊಡನೆ ಮಾತನಾಡುತ್ತಿದ್ದವನು ಗೇಬ್ರಿಯಲ್ ಒಬ್ಬನೇ. ಅವನು ಸತ್ತ ಮೇಲೆ, ತಾವು ಭೂಮಿಗೆ ಏಕೆ ಬಂದೆವೆಂಬುದು ಉಳಿದ ಮಲಕ್‌ಗಳಲ್ಲಿ ಯಾರಿಗೂ ತಿಳಿಯದು. ಆದರೂ ಕೊಲ್ಲುವುದನ್ನು ನಿಲ್ಲಿಸುವುದಿಲ್ಲ. ಕಥಾನಾಯಕನಾದ ಮಲಕ್‌ಗೆ ದೇವನಿದ್ದಾನೆಯೇ ಎಂಬುದರಲ್ಲೇ ಸಂದೇಹ!

ನಾನು ಬಸವಸಾಗರ ಜಲಾಶಯದ ಮಗ್ಗುಲಲ್ಲಿ ಬೆಳೆದವನು. ಇಲ್ಲಿ ಅಣೆಕಟ್ಟಿನ ಗೇಟು ತಾನಾಗಿ ತೆರೆಯುವುದಿಲ್ಲ. ಆಲಮಟ್ಟಿಯಿಂದ ಎಷ್ಟು ನೀರು ಬರುತ್ತಿದೆ ಎಂಬ ಸುದ್ದಿ ಬರಬೇಕು, ಆದೇಶವಾಗಬೇಕು, ನದಿಪಾತ್ರದ ಊರುಗಳಿಗೆ ಎಚ್ಚರಿಕೆ ಹೋಗಬೇಕು. ಕೆಳಗೆ ನೀಲಕಂಠರಾಯನಗಡ್ಡಿ ಇದೆ. ಕೃಷ್ಣೆ ತುಂಬಿದಾಗಲೆಲ್ಲ ಹೊರಗಿನ ಸಂಪರ್ಕ ಕಳೆದುಕೊಳ್ಳುತ್ತಿದ್ದ ನಡುಗಡ್ಡೆ ಅದು. 2019ರ ಆಗಸ್ಟ್‌ನ ಪ್ರವಾಹವನ್ನು ನಮ್ಮ ಭಾಗದವರು ಮರೆತಿಲ್ಲ. ಈಗ ಯೋಚಿಸಿ, ಆದೇಶ ತರುವವನೇ ಸತ್ತುಹೋಗಿ, ಗೇಟಿನ ಬಳಿ ನಿಂತವರು ಕಾರಣ ತಿಳಿಯದೆ ಒಂದರ ಹಿಂದೊಂದು ಗೇಟು ಎತ್ತುತ್ತಲೇ ಹೋದರೆ? ಆ ಕಾದಂಬರಿಯ ಜಗತ್ತು ಅಂಥದ್ದು. ಅದರ ಭಯವೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಲೇಖಕಿ ಅದನ್ನು ಚೆನ್ನಾಗಿಯೇ ಕಟ್ಟಿದ್ದಾರೆ, ಒಪ್ಪಬೇಕು.

ಆದರೆ ನಮ್ಮ ವಿಶ್ವಾಸದ ಮಲಕ್‌ಗಳು ಅವರಲ್ಲ. ತಮ್ಮ ಪ್ರಭುವಿನ ಆದೇಶವಿಲ್ಲದೆ ತಾವು ಇಳಿಯುವುದಿಲ್ಲವೆಂಬ ಮಲಕ್‌ಗಳ ಮಾತು ಸೂರಃ ಮರ್ಯಮ್‌ನಲ್ಲಿದೆ (19:64). ಅವರು ಅಲ್ಲಾಹನ ಆಜ್ಞೆಯನ್ನು ಎಂದೂ ಮೀರುವುದಿಲ್ಲವೆಂದು ಸೂರಃ ತಹ್ರೀಮ್ ತಿಳಿಸುತ್ತದೆ (66:6). ಬಂಡೆದ್ದು ಬಿದ್ದ ಮಲಕ್ ಎಂಬ ಕಲ್ಪನೆ ಪಾಶ್ಚಾತ್ಯ ಸಾಹಿತ್ಯಕ್ಕೆ ಬಂದದ್ದು ಬೇರೆ ಪರಂಪರೆಯಿಂದ. ಕುರ್‌ಆನ್ ಪ್ರಕಾರ ಇಬ್ಲೀಸನು ಜಿನ್ನ್ ವರ್ಗದವನು (18:50). ಇಬ್ರಾಹೀಮ್(ಅ)ರ ಮನೆಗೆ ಬಂದ ಮಲಕ್ ಅತಿಥಿಗಳು ಹುರಿದ ಕರುವಿನ ಮಾಂಸಕ್ಕೆ ಕೈಚಾಚಲಿಲ್ಲ. ಕಾದಂಬರಿಯವರೋ ಹೋಟೆಲಿನಲ್ಲಿ ಔತಣಕೂಟ ನಡೆಸುತ್ತಾರೆ. ಇನ್ನು ಯುದ್ಧದ ಮಾತು. ಹಿಜ್ರಿ 2ರ ರಮಝಾನಿನಲ್ಲಿ ಬದ್ರ್‌ನ ರಣಾಂಗಣಕ್ಕೆ ಮಲಕ್‌ಗಳು ಬಂದದ್ದು ಸಂಖ್ಯೆಯಲ್ಲಿ ಕಡಿಮೆಯಿದ್ದ ಮನುಷ್ಯರ ನೆರವಿಗೆ.

ಇದನ್ನೆಲ್ಲ ಹೇಳಿದಾಗ ಅವಳು ಸುಮ್ಮನೆ ಕೇಳಿ, “ಆದರ ಮಾಮು, ಮಲಕ್‌ಗಳಿಗೆ ಮೊದಲಿಂದಲೂ ಮನುಷ್ಯರ ಮ್ಯಾಲೆ ಸಂಶಯ ಇತ್ತಲ್ಲ?” ಎಂದಳು. ಮಕ್ಕಳು ಓದುತ್ತಾರೆ, ನಾವೆಣಿಸಿದ್ದಕ್ಕಿಂತ ಹೆಚ್ಚು. ರಕ್ತ ಹರಿಸುವವನನ್ನು ಭೂಮಿಯಲ್ಲಿ ನೇಮಿಸುವೆಯಾ ಎಂದು ಮಲಕ್‌ಗಳು ಅಲ್ಲಾಹನಲ್ಲಿ ಕೇಳಿದ ಸಂದರ್ಭ ಅವಳ ಮನಸ್ಸಿನಲ್ಲಿತ್ತು (2:30). ಅದು ದ್ವೇಷದ ಮಾತಲ್ಲ, ತಿಳಿಯಬಯಸಿ ಕೇಳಿದ್ದು. ಅವರಿಗೆ ತಿಳಿಯದ್ದು ತನಗೆ ತಿಳಿದಿದೆಯೆಂದು ಅಲ್ಲಾಹನು ಹೇಳಿದಾಗ ಅವರು ತಲೆಬಾಗಿದರು.

ಆಗ ಅವಳಿಗೆ ತಾಯಿಫ್‌ನ ಘಟನೆಯನ್ನು ವಿವರಿಸಿದೆ. ಕ್ರಿ.ಶ. 619ರ ಸುಮಾರಿಗೆ, ಪತ್ನಿ ಖದೀಜಾ(ರ) ಮತ್ತು ದೊಡ್ಡಪ್ಪ ಅಬೂತಾಲಿಬ್ ಇಬ್ಬರನ್ನೂ ಕಳೆದುಕೊಂಡ ಪ್ರವಾದಿ(ಸ)ರು ಆಸರೆ ಅರಸಿ ತಾಯಿಫ್‌ಗೆ ಹೋದರು. ಅಲ್ಲಿನ ಮುಖಂಡರು ಅವರನ್ನು ತಿರಸ್ಕರಿಸಿ, ಪುಂಡರನ್ನು ಛೂಬಿಟ್ಟು ಕಲ್ಲೆಸೆಸಿದರು. ತಮ್ಮ ಬದುಕಿನಲ್ಲಿ ಉಹುದ್‌ಗಿಂತಲೂ ಕಠಿಣವಾಗಿದ್ದ ದಿನ ಯಾವುದೆಂದು ಮುಂದೆ ಆಯಿಶಾ(ರ) ಕೇಳಿದಾಗ, ಅವರು ಆ ದಿನಗಳ ಕುರಿತೇ ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ದುಃಖದಲ್ಲಿ ದಾರಿಯೇ ತಿಳಿಯದಂತೆ ನಡೆಯುತ್ತಿದ್ದವರು ತಲೆಯೆತ್ತಿದಾಗ ಒಂದು ಮೋಡ. ಅದರಲ್ಲಿ ಜಿಬ್ರೀಲ್(ಅ). ಪರ್ವತಗಳ ಹೊಣೆ ಹೊತ್ತ ಮಲಕ್ ಸಲಾಮ್ ಹೇಳಿ, ತಾವು ಬಯಸುವುದಾದರೆ ಎರಡು ಬೆಟ್ಟಗಳನ್ನು ಈ ಜನರ ಮೇಲೆ ಕೆಡಹುವೆನೆಂದರು. ಪ್ರವಾದಿ(ಸ)ರು ಬೇಡವೆಂದರು. ಅಲ್ಲಾಹನೊಬ್ಬನನ್ನೇ ಆರಾಧಿಸುವವರು ಇವರ ಸಂತತಿಯಲ್ಲಿ ಹುಟ್ಟಬಹುದೆಂಬ ನಿರೀಕ್ಷೆ ತಮಗಿದೆಯೆಂದರು.

ಊರನ್ನೇ ಅಳಿಸಬಲ್ಲ ಶಕ್ತಿಯಿದ್ದ ಮಲಕ್ ಒಬ್ಬ ಮನುಷ್ಯನ ಮಾತಿಗಾಗಿ ಕಾದು ನಿಂತರು. ಆ ಮನುಷ್ಯನು ಗಾಯಗೊಂಡಿದ್ದೂ ಬೇಡವೆಂದರು. ಅವಳು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಆದರೆ ಅವಳು ಆ ಪುಸ್ತಕವನ್ನು ಹಿಡಿದು ಕುಳಿತದ್ದು ಮಲಕ್‌ಗಳಿಗಾಗಿ ಅಲ್ಲವೆಂಬುದು ಓದುವಾಗಲೇ ನನಗೆ ಗೊತ್ತಾಗಿತ್ತು. ನಮ್ಮ ಮನೆಯಲ್ಲೂ ಹುಟ್ಟಿದಂದಿನಿಂದ ನಡೆಯಲಾರದ ಮಗುವೊಂದಿದೆ. ಅವಳ ತಂಗಿ, ಈಗ ಒಂಬತ್ತು ವರ್ಷ. ಗಾಲಿಕುರ್ಚಿ ಇದೆ, ಆದರೆ ನಮ್ಮ ಓಣಿಯ ಕಲ್ಲುಗಳ ಮೇಲೆ ಅದು ಉರುಳುವುದಿಲ್ಲ. ಅಕ್ಕನೇ ಅವಳನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟು ಕಾಲೇಜಿನ ಬಸ್ಸು ಹಿಡಿಯುತ್ತಾಳೆ. ಕಾದಂಬರಿಯ ಮೊದಲ ಭಾಗದ ಕೊನೆಗೆ ಆ ತಂಗಿ ಸಿಗುತ್ತಾಳೆ, ಆದರೆ ದೇಹವನ್ನು ಕತ್ತರಿಸಿ ಹೊಲಿದು ವಿಕಾರಗೊಳಿಸಲಾಗಿದೆ. ಜನ ಅವಳಿಗೆ ಹೆದರುತ್ತಾರೆ, ಅಕ್ಕ ಬಿಡುವುದಿಲ್ಲ. ಅಷ್ಟು ಓದಿದ ಮೇಲೆ ಹುಡುಗಿ ಎರಡು ದಿನ ಮೊಬೈಲ್ ಮುಟ್ಟಿರಲಿಲ್ಲವಂತೆ.

“ಮಾಮು, ಆಕಿಗೆ ಮಾಡಾಕ ಆಗಲಾರದ್ದನ್ನ ಹೆಗಲ ಮ್ಯಾಲಿನ ಮಲಕ್‌ಗಳು ಹ್ಯಾಂಗ ಬರೀತಾರ?” ಎಂದು ಕೇಳಿದಳು. ಪ್ರೌಢಳಾಗುವ ತನಕ ಮಗುವಿನ ಮೇಲಿಂದ ಲೇಖನಿ ಎತ್ತಲ್ಪಟ್ಟಿದೆ ಎಂಬ ಹದೀಸನ್ನು ನೆನಪಿಸಿದೆ. ರೋಗಿಯಾದವನಿಗೆ ಆರೋಗ್ಯದಲ್ಲಿದ್ದಾಗ ಮಾಡುತ್ತಿದ್ದ ಕರ್ಮಗಳ ಪುಣ್ಯವೇ ಬರೆಯಲ್ಪಡುತ್ತದೆ ಎಂಬ ಬುಖಾರಿಯ ಹದೀಸನ್ನೂ ಹೇಳಿದೆ. ದಿನವೂ ಆಕೆಯನ್ನು ಹೊತ್ತು ನಡೆಯುವವಳ ಹೆಜ್ಜೆಗಳೂ ಬರೆಯಲ್ಪಡುತ್ತಿವೆ ಎಂದಾಗ ಅವಳು ದುಪಟ್ಟಾ ಸರಿಪಡಿಸಿಕೊಂಡು ಒಳಗೆ ಹೋದಳು.

ಭಾವನವರು ಮೊಬೈಲ್ ತೆಗೆದುಕೊಳ್ಳಲಿಲ್ಲ. ಈಗ ಎರಡನೆಯ ಭಾಗ ನಡೆಯುತ್ತಿದೆ. ರಾತ್ರಿ ತಂಗಿಗೂ ಅದೇ ಕಥೆ ಹೇಳುತ್ತಾಳಂತೆ. ಅವಳ ಕಥೆಯಲ್ಲಿ ಜಿಬ್ರೀಲ್ ಇಲ್ಲ, ಮಲಕ್‌ಗಳೂ ಇಲ್ಲ. ಊರ ಮೇಲೆ ಬಂದೆರಗಿದವರನ್ನು ಬರೀ ‘ರೆಕ್ಕೆಯವರು’ ಎನ್ನುತ್ತಾಳೆ ಎಂದು ಅಕ್ಕ ಹೇಳಿದಳು.